ಎಷ್ಟ್ ಕೊಡತ್ತೆ ಅಂತ ಕೇಳೋರಿಗೆ ಒಂದು ಲೆಕ್ಕ

ಹೊಸ ಗಾಡಿ ತಗೊಂಡ್ರೆ ನಮ್ಮ ಕಡೆ ಮೊದಲನೇ ಪ್ರಶ್ನೆ "ಎಷ್ಟ್ ಕೊಡತ್ತೆ?", ರೇಟ್ ಎಷ್ಟಾಯ್ತು ಅನ್ನೋದು ಕೂಡ ಆಮೇಲೇನೇ. ಪೆಟ್ರೋಲ್ ಗಾಡಿ ಆದ್ರೆ ಹದಿನೈದೋ ಹದಿನೆಂಟೋ ಅಂತ ಬಾಯಿಗೆ ಬಂದಿದ್ದು ಹೇಳಿ ತಪ್ಪಿಸ್ಕೋಬಹುದು, ಹೆಚ್ಚುಕಮ್ಮಿ ಆದ್ರೂ ದಾರಿಲಿ ಬಂಕ್ ಇದ್ದೇ ಇರತ್ತೆ. ಇವಿ (ಎಲೆಕ್ಟ್ರಿಕ್ ಗಾಡಿ) ಬಂದ್ಮೇಲೆ ಈ ಆಟ ನಡೀತಿಲ್ಲ. ಮಂಗಳೂರಿಂದ ವಾಪಸ್ ಹೊರಟಿದೀವಿ, ಬ್ಯಾಟರಿ ಇಷ್ಟಿದೆ, ಸಕಲೇಶಪುರ ಮುಟ್ತೀವಾ ಅಂತ ಭಾವ ಫೋನ್ ಮಾಡಿದ್ರೆ ಏನೋ ಒಂದು ಹೇಳೋಕಾಗಲ್ಲ, ಘಾಟಿ ಮಧ್ಯ ನಿಂತ್ರೆ ಬೈಸ್ಕೊಳ್ಳೋನು ನಾನೇ. ಅದಕ್ಕೇ ಈಗ ನಾನು ತಿರುಗಿ ಕೇಳ್ತೀನಿ, ಯಾವ ರೋಡು, ಎಷ್ಟು ಸ್ಪೀಡು, ಎಷ್ಟು ಜನ, ಏಸಿ ಇದೆಯಾ. ಇವನ್ಯಾಕಪ್ಪ ಪೊಲೀಸ್ ಥರ ವಿಚಾರಣೆ ಮಾಡ್ತಾನೆ ಅಂದ್ಕೋತಾರೆ, ಅಂದ್ಕೊಳ್ಳಲಿ. ಮೈಲೇಜ್ ಅನ್ನೋದು ಗಾಡಿಗೆ ಅಂಟಿಕೊಂಡಿರೋ ನಂಬರ್ ಅಲ್ಲ, ಗಾಡಿ, ರಸ್ತೆ, ಗಾಳಿ, ಓಡ್ಸೋನ ಕಾಲು ಎಲ್ಲಾ ಸೇರಿ ಒಂದೊಂದು ಟ್ರಿಪ್‌ಗೆ ಒಂದೊಂದು ಹುಟ್ಟತ್ತೆ.

ಲೆಕ್ಕ ಅಂದ್ರೆ ಹೆದರ್ಕೋಬೇಡಿ, ಪಿಯುಸಿ ಫಿಸಿಕ್ಸ್ ಸಾಕು. ಗಾಡಿ ಮುಂದಕ್ಕೆ ಹೋಗೋಕೆ ನಾಲ್ಕು ವಿಷಯದ ಜೊತೆ ಜಗಳ ಆಡ್ಬೇಕು, ಟೈರ್ ಉರುಳುವಾಗ ಆಗೋ ತಡೆ, ಎದುರು ಗಾಳಿ ತಡೆ, ಏರು, ಆಮೇಲೆ ನಿಂತಿದ್ದ ಗಾಡಿಗೆ ಸ್ಪೀಡ್ ಬರಿಸೋದು. ಪ್ರತಿಯೊಂದೂ ಒಂದು ಬಲ, ನ್ಯೂಟನ್ನಲ್ಲಿ ಬರತ್ತೆ. ನಾಲ್ಕನ್ನೂ ಕೂಡಿಸಿ 3.6ರಿಂದ ಭಾಗಿಸಿದ್ರೆ ಒಂದು ಕಿಲೋಮೀಟರ್‌ಗೆ ಎಷ್ಟು ವಾಟ್-ಅವರ್ ಅಂತ ನೇರವಾಗಿ ಸಿಗತ್ತೆ, ಯಾಕಂದ್ರೆ ಒಂದು ನ್ಯೂಟನ್ ಬಲದಲ್ಲಿ ಒಂದು ಕಿಮೀ ತಳ್ಳಿದ್ರೆ 1000 ಜೂಲ್, ಒಂದು ವಾಟ್-ಅವರ್ ಅಂದ್ರೆ 3600 ಜೂಲ್. 1000 ವಾಟ್-ಅವರ್ ಸೇರಿದ್ರೆ ಬೆಸ್ಕಾಂ ಬಿಲ್ಲಲ್ಲಿ ಬರೋ ಒಂದು ಯೂನಿಟ್. ಇದರಲ್ಲಿ ಹಾರ್ಸ್ ಪವರ್ ಎಲ್ಲೂ ಬರಲೇ ಇಲ್ಲ ನೋಡಿ. ಬ್ರೋಷರ್‌ನಲ್ಲಿ ದೊಡ್ಡದಾಗಿ ಹಾಕೋ 120 ಬಿಎಚ್‌ಪಿ, 140 ಬಿಎಚ್‌ಪಿಗೂ ಖರ್ಚಿಗೂ ನೇರ ಸಂಬಂಧನೇ ಇಲ್ಲ.

ಒಂದು ಸಾಧಾರಣ ಕಾಂಪ್ಯಾಕ್ಟ್ ಎಸ್‌ಯುವಿ ಇವಿ ಇಟ್ಕೊಳ್ಳೋಣ, ಇಬ್ಬರು ಕೂತು ಒಟ್ಟು 1550 ಕೆಜಿ. ಡಾಂಬರ್ ರೋಡಲ್ಲಿ ಒಳ್ಳೆ ಟೈರ್‌ಗೆ ಉರುಳು ತಡೆ ಗಾಡಿ ತೂಕದ 1ರಿಂದ 1.5% ಇರತ್ತೆ, 1.1% ಅಂತ ಹಿಡಿದ್ರೆ 167 ನ್ಯೂಟನ್, 3.6ರಿಂದ ಭಾಗಿಸಿದ್ರೆ 46 ವಾಟ್-ಅವರ್. ಇದು 20ರಲ್ಲಿ ಹೋದ್ರೂ 100ರಲ್ಲಿ ಹೋದ್ರೂ ಹೆಚ್ಚುಕಮ್ಮಿ ಅಷ್ಟೇ, ತಪ್ಪಿಸ್ಕೊಳ್ಳೋಕಾಗಲ್ಲ (ಟೈರಲ್ಲಿ ಗಾಳಿ ಕಮ್ಮಿ ಇದ್ರೆ ಏರತ್ತೆ, ಮಳೇಲಿ ನೆಂದ ರೋಡಲ್ಲೂ ಏರತ್ತೆ). ಗಾಳಿ ತಡೆ ಹಾಗಲ್ಲ, ಸ್ಪೀಡ್ ಎರಡರಷ್ಟಾದ್ರೆ ಅದು ನಾಲ್ಕರಷ್ಟಾಗತ್ತೆ. ಗಾಡಿ ಆಕಾರದ ನಂಬರನ್ನ (ಡ್ರ್ಯಾಗ್ ಕೋಎಫಿಶಿಯೆಂಟ್ ಅಂತಾರೆ) ಎದುರಿಂದ ಕಾಣೋ ಅಗಲ-ಎತ್ತರದ ಜೊತೆ ಗುಣಿಸಿದ್ರೆ ಇಂಥ ಗಾಡಿಗೆ 0.8 ಚದರ ಮೀಟರ್ ಆಸುಪಾಸು ಬರತ್ತೆ. ಗಾಳಿಯ ಸಾಂದ್ರತೆ ಪುಸ್ತಕದಲ್ಲಿರೋ 1.2 ಹಾಕ್ಬೇಡಿ, ಅದು ಸಮುದ್ರ ಮಟ್ಟದ್ದು, ಬೆಂಗಳೂರು 900 ಮೀಟರ್ ಮೇಲಿದೆ, ಇಲ್ಲಿ ಘನ ಮೀಟರ್‌ಗೆ 1.08 ಕೆಜಿ ಹತ್ರ. ಅಂದ್ರೆ ಅದೇ ಗಾಡಿ ಅದೇ ಸ್ಪೀಡಲ್ಲಿ ಸುರತ್ಕಲ್ ಕಡೆ ಓಡಿದ್ರೆ ಗಾಳಿಗೆ ಇಲ್ಲಿಗಿಂತ ಹತ್ತು ಪರ್ಸೆಂಟ್ ಹತ್ರ ಜಾಸ್ತಿ ಸುರೀಬೇಕು. ಈ ವಿಷಯ ನಂಗೆ ಯಾಕೋ ತುಂಬಾ ಇಷ್ಟ.

ಆ 0.8ನ ಸಾಂದ್ರತೆಯಿಂದ, ಆಮೇಲೆ ಸೆಕೆಂಡಿಗೆ ಮೀಟರ್ ಲೆಕ್ಕದ ಸ್ಪೀಡಿನ ವರ್ಗದಿಂದ ಗುಣಿಸಿ ಅರ್ಧ ಮಾಡಿದ್ರೆ ಗಾಳಿಯ ಬಲ, ಅದನ್ನ 3.6ರಿಂದ ಭಾಗಿಸಿದ್ರೆ ಗಾಳಿಗೆ 40ರಲ್ಲಿ 15 ವಾಟ್-ಅವರ್, 60ರಲ್ಲಿ 33, 80ರಲ್ಲಿ 59, 100ರಲ್ಲಿ 93. ಟೈರ್‌ದು 46 ಸೇರಿಸಿ, ಬ್ಯಾಟರಿಯಿಂದ ಚಕ್ರದವರೆಗೆ ನೂರಕ್ಕೆ 88 ತಲುಪತ್ತೆ ಅಂತ ಇಟ್ಕೊಂಡು, ಏಸಿ ಮತ್ತೆ ಇತರೆ ಸಾಮಾನಿಗೆ ಒಂದು ಕಿಲೋವಾಟ್ ಬಿಟ್ರೆ, 100ರಲ್ಲಿ ಕಿಮೀಗೆ 168, 80ರಲ್ಲಿ 132, 60ರಲ್ಲಿ 107, 40ರಲ್ಲಿ 94. ಇನ್ನೂ ಕೆಳಗೆ 20ಕ್ಕೆ ಇಳಿದ್ರೆ ಕಮ್ಮಿ ಆಗಲ್ಲ, ಮತ್ತೆ 106ಕ್ಕೆ ಏರತ್ತೆ, ಯಾಕಂದ್ರೆ ಏಸಿ ಗಂಟೆ ಲೆಕ್ಕದಲ್ಲಿ ಕುಡಿಯತ್ತೆ, ಗಂಟೆಗೆ 20 ಕಿಮೀ ಮಾತ್ರ ಹೋದ್ರೆ ಪ್ರತಿ ಕಿಮೀಗೆ 50 ವಾಟ್-ಅವರ್ ಬರೀ ತಣ್ಣಗೆ ಕೂರೋಕೆ ಹೋಯ್ತು. ಔಟರ್ ರಿಂಗ್ ರೋಡಲ್ಲಿ ಸಂಜೆ ಆರಕ್ಕೆ ಸಿಕ್ಕಾಕೊಂಡಿರೋ ಇವಿಯವರು ಡಿಸ್‌ಪ್ಲೇ ನೋಡಿ ಗಾಡಿ ಕೆಟ್ಟಿದೆ ಅಂದ್ಕೊಳ್ಳೋದು ಇದಕ್ಕೇ.

ಇನ್ನು ಕಂಪನಿ ನಂಬರ್. 2020ರಲ್ಲಿ ಬಂದ ಮೊದಲನೇ ನೆಕ್ಸಾನ್ ಇವಿಗೆ 30.2 ಯೂನಿಟ್ ಬ್ಯಾಟರಿ, ಎಆರ್‌ಎಐ (ಗಾಡಿ ಟೆಸ್ಟ್ ಮಾಡೋ ಸಂಸ್ಥೆ) ಸರ್ಟಿಫೈ ಮಾಡಿದ ರೇಂಜ್, ಅಂದ್ರೆ ಫುಲ್ ಚಾರ್ಜಲ್ಲಿ ಓಡೋ ದೂರ, 312 ಕಿಮೀ, ಭಾಗಿಸಿದ್ರೆ ಕಿಮೀಗೆ 97 ವಾಟ್-ಅವರ್. ಮೇಲಿನ ನನ್ನ ಲೆಕ್ಕದಲ್ಲಿ 97 ಎಲ್ಲಿ ಬರತ್ತೆ ನೋಡಿ, ನಲವತ್ತು ಐವತ್ತರ ಸ್ಪೀಡಲ್ಲಿ. ಅಂದ್ರೆ ಸುಳ್ಳೇನೂ ಹೇಳಿಲ್ಲ, ಬೇರೆ ಟ್ರಿಪ್ ಬಗ್ಗೆ ಹೇಳಿದಾರೆ ಅಷ್ಟೇ. ಟೆಸ್ಟ್ ನಡೆಯೋದು ರೋಡಲ್ಲಲ್ಲ, ರೂಮ್ ಒಳಗೆ ರೋಲರ್ ಮೇಲೆ, ಡ್ರೈವರ್ ಮುಂದೆ ಸ್ಕ್ರೀನಲ್ಲಿ ಒಂದು ಗೆರೆ ಓಡ್ತಿರತ್ತೆ, ಅದೇ ಗೆರೆ ಹಿಡ್ಕೊಂಡು ಸ್ಪೀಡ್ ಏರಿಸ್ಬೇಕು ಇಳಿಸ್ಬೇಕು. ನಮ್ಮ ಕಾರುಗಳ ಗೆರೆ ಯುರೋಪಿನ ಹಳೇ ಟೆಸ್ಟ್ ಸೈಕಲ್‌ನಿಂದ ಬಂದಿದ್ದು, ಅವರದ್ದರಲ್ಲಿ ಟಾಪ್ ಸ್ಪೀಡ್ 120 ಇತ್ತು, ನಮಗೆ ಅಂತ 90ಕ್ಕೆ ಇಳಿಸಿದ್ರು. ಆ ಕಾಲದ ನಮ್ಮ ರಸ್ತೆಗೆ ಸರಿಯಾಗೇ ಇತ್ತು ಅನ್ಸತ್ತೆ. ಈಗ 2023ರಿಂದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಇದೆ, 118 ಕಿಮೀ ಹತ್ರ, ಲಿಮಿಟ್ 100, ಬಿಡದಿ ದಾಟಿದ್ಮೇಲೆ ಎಲ್ಲರೂ ಮುಳ್ಳು 100ರಲ್ಲೇ ನಿಲ್ಲಿಸ್ತಾರೆ. 168ರ ಲೆಕ್ಕದಲ್ಲಿ ಅದೇ 30 ಯೂನಿಟ್ ಬ್ಯಾಟರಿ 180 ಕಿಮೀ ಬರೋದೂ ಕಷ್ಟ. ಹೋಗಿ ಬರೋಕೆ ಸಾಲಲ್ಲ. 80ರಲ್ಲಿ ಹೋದ್ರೆ ಹೋಗಿ ಬರೋದು ಆಲ್ಮೋಸ್ಟ್ ಆಗತ್ತೆ, ಆದ್ರೆ ಮೈಸೂರಲ್ಲಿ ಚಾಮುಂಡಿ ಬೆಟ್ಟಕ್ಕೆ ಅಂತ ಗಾಡಿ ತಿರುಗಿಸಿದ್ರೆ ಅದೂ ಇಲ್ಲ.

ಮೈಸೂರಿಗೆ ಹೋಗುವಾಗ ಜಾಸ್ತಿ ಕೊಡತ್ತೆ, ಬರುವಾಗ ಕಮ್ಮಿ ಅಂತ ಎಲ್ಲರೂ ಹೇಳೋದು ಕೇಳಿರ್ತೀರ. ಭ್ರಮೆ ಅಲ್ಲ. ಮೈಸೂರು ನಮಗಿಂತ 150 ಮೀಟರ್ ಹತ್ರ ಕೆಳಗಿದೆ (ಮದ್ದೂರು ಮಂಡ್ಯ ಇನ್ನೂ ಕೆಳಗೆ), 1550 ಕೆಜಿನ 150 ಮೀಟರ್ ಎತ್ತೋಕೆ ಚಕ್ರದಲ್ಲಿ 0.63 ಯೂನಿಟ್ ಬೇಕು. ಹೋಗುವಾಗ ಅಷ್ಟು ಉಳಿತಾಯ, ಬರುವಾಗ ಅಷ್ಟು ಖರ್ಚು, ಎರಡರ ನಡುವೆ ಒಂದೂಕಾಲು ಯೂನಿಟ್ ವ್ಯತ್ಯಾಸ, ಅಂದ್ರೆ ಎಂಟು ಹತ್ತು ಕಿಮೀ ರೇಂಜ್.

ಲೆಕ್ಕ ಹಾಕೋರು ಎಡವೋ ಇನ್ನೊಂದು ಜಾಗ ಆವರೇಜ್ ಸ್ಪೀಡ್. ಮ್ಯಾಪಲ್ಲಿ 80 ಕಿಮೀ ಒಂದು ಗಂಟೆ ಅಂತ ತೋರ್ಸತ್ತೆ, ಸರಿ 80ರ ಸ್ಪೀಡ್ ಹಾಕೋಣ ಅಂತ ಹಾಕಿಬಿಡ್ತಾರೆ. ಆದ್ರೆ ನಿಜವಾಗ್ಲೂ ಅರ್ಧ ಗಂಟೆ 100ರಲ್ಲಿ ಹೋಗಿ ಅರ್ಧ ಗಂಟೆ 60ರಲ್ಲಿ ಹೋಗಿದ್ರೂ ಆವರೇಜ್ 80ನೇ, ಗಾಳಿ ಖರ್ಚು ಮಾತ್ರ 59ರ ಬದಲು 70 ಆಗತ್ತೆ, ಯಾಕಂದ್ರೆ ಜಾಸ್ತಿ ಕಿಲೋಮೀಟರ್ ಕವರ್ ಆಗಿರೋದು ಆ 100ರ ಸ್ಪೀಡಲ್ಲೇ. ಹಾಗಾಗಿ ಸ್ಪೀಡ್ ಎಷ್ಟು ಅಂತ ಕೇಳಿದ್ರೆ ಸಾಲಲ್ಲ, ಸ್ಪೀಡ್ ಹೇಗಿತ್ತು ಅಂತ ಕೇಳ್ಬೇಕು.

ಸಿಟಿಗೆ ಬಂದ್ರೆ ಲೆಕ್ಕ ಉಲ್ಟಾ, ಇಲ್ಲಿ ಗಾಳಿ ಲೆಕ್ಕಕ್ಕೇ ಇಲ್ಲ, ತೂಕ ಮತ್ತೆ ಬ್ರೇಕ್ ಎರಡೇ. ನಮ್ಮ ಏರಿಯಾದ ಹಂಪ್‌ಗಳನ್ನ ತಗೊಳ್ಳಿ. ಜನ ಸೇರಿ 1200 ಕೆಜಿ ಇರೋ ಪೆಟ್ರೋಲ್ ಹ್ಯಾಚ್‌ಬ್ಯಾಕು 40ರಲ್ಲಿ ಬಂದು ಬ್ರೇಕ್ ಒತ್ತಿ 10ಕ್ಕೆ ಇಳಿಸಿ ಮತ್ತೆ 40ಕ್ಕೆ ಹೋಗತ್ತೆ ಅನ್ಕೊಳ್ಳಿ. ಆ ವೇಗದಲ್ಲಿದ್ದ ಶಕ್ತಿ 20 ವಾಟ್-ಅವರ್ ಹತ್ರ, ಅದು ಬ್ರೇಕ್ ಡಿಸ್ಕ್ ಬಿಸಿ ಮಾಡಿ ಹೋಯ್ತು. ವಾಪಸ್ ತರೋಕೆ ಇಂಜಿನ್ ನೂರಕ್ಕೆ 25ರಷ್ಟೇ ಚಕ್ರಕ್ಕೆ ಕೊಡತ್ತೆ ಅಂತ ಹಿಡಿದ್ರೆ (ಸಿಟಿಯಲ್ಲಿ ಅಷ್ಟೂ ಇರಲ್ಲ), ಲೀಟರ್ ಪೆಟ್ರೋಲ್‌ನಲ್ಲಿ 9 ಯೂನಿಟ್ ಹತ್ರ ಇರೋದ್ರಿಂದ, ಒಂದು ಹಂಪ್‌ಗೆ 8-9 ಎಂಎಲ್. ಲೀಟರ್ ನೂರು ರೂಪಾಯಿ ದಾಟಿರೋವಾಗ ಹಂಪ್‌ಗೆ ಹತ್ರಹತ್ರ ಒಂದು ರೂಪಾಯಿ! ಟೋಲ್ ಕಟ್ಟೋದಕ್ಕೆ ಗಲಾಟೆ ಮಾಡೋ ನಾವು ಇದನ್ನ ದಿನಾ ಕಟ್ತಾ ಇದೀವಿ. ಅದರಲ್ಲೂ ಕೆಲವು ಲೇಔಟ್‌ನವರು ನೂರು ಅಡಿಗೊಂದು ಹಾಕಿರ್ತಾರೆ, ಬಣ್ಣನೂ ಇಲ್ಲ ಬೋರ್ಡೂ ಇಲ್ಲ. ಮುಂದೆ ಹಂಪ್ ಇದೆ ಅಂತ ಗೊತ್ತಿದ್ದು ದೂರದಲ್ಲೇ ಆಕ್ಸಲರೇಟರ್ ಬಿಟ್ರೆ ಇದರಲ್ಲಿ ಒಂದಷ್ಟು ಉಳಿಯತ್ತೆ, ಯಾಕಂದ್ರೆ ಆ ಶಕ್ತಿ ಬ್ರೇಕ್‌ಗೆ ಹೋಗೋ ಬದಲು ಗಾಡಿನ ಮುಂದಕ್ಕೆ ತಳ್ಳೋಕೆ ಹೋಗತ್ತೆ. ಇವಿಯಲ್ಲಿ ಮೋಟರೇ ಜನರೇಟರ್ ಆಗಿ ಅರ್ಧಕ್ಕಿಂತ ಜಾಸ್ತಿ ವಾಪಸ್ ತಗೊಳತ್ತೆ (ಇದಕ್ಕೇ ರೀಜನ್ ಅನ್ನೋದು), ಅದೇ ಹಂಪ್‌ಗೆ ನಮ್ಮ 1550 ಕೆಜಿ ಎಸ್‌ಯುವಿಗೆ ನೆಟ್ 13 ವಾಟ್-ಅವರ್ ಖರ್ಚು, ಮನೆ ಕರೆಂಟ್ ರೇಟಲ್ಲಿ ಹತ್ತು ಪೈಸೆ ಆಸುಪಾಸು. ಇವಿ ಸಿಟಿಗೆ ಚೆನ್ನಾಗಿರತ್ತೆ ಅನ್ನೋ ಮಾತಿನ ಹಿಂದಿರೋ ಮುಖ್ಯ ಕಾರಣ ಇದು.

ಗಾಳಿ ಬಗ್ಗೆ ಹೇಳಿದೆ, ಬೀಸೋ ಗಾಳಿ ಬಗ್ಗೆ ಹೇಳಿಲ್ಲ. ಹುಬ್ಬಳ್ಳಿ ರೋಡಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ಫ್ಯಾನ್‌ಗಳು ಸಾಲಾಗಿ ನಿಂತಿರೋದು ನೋಡಿರ್ತೀರ, ಸುಮ್ಮನೆ ಅಲ್ಲಿ ಹಾಕಿಲ್ಲ ಅವನ್ನ. ಮುಂಗಾರು ತಿಂಗಳುಗಳಲ್ಲಿ ಪಶ್ಚಿಮದ ಕಡೆಯಿಂದ ಬೀಸತ್ತೆ, ಬೆಂಗಳೂರಿಂದ ಹೋಗೋರಿಗೆ ಅದು ಮುಖಕ್ಕೆ. ಗಾಡಿ 90ರಲ್ಲಿದೆ, ಎದುರು ಗಾಳಿ 25 ಅಂದ್ರೆ ಗಾಡಿಗೆ ತಾಗೋದು 115ರ ಗಾಳಿ, ತಡೆ 63% ಜಾಸ್ತಿ, ಈ ಎಸ್‌ಯುವಿಗೆ ಕಿಮೀಗೆ 47 ವಾಟ್-ಅವರ್ ಎಕ್ಸ್‌ಟ್ರಾ. ಬರುವಾಗ ಬೆನ್ನಿಗೆ ಬೀಸತ್ತಲ್ಲ ಸರಿಹೋಗತ್ತೆ ಬಿಡಿ ಅಂತೀರ. ಪೂರ್ತಿ ಹೋಗಲ್ಲ, ಬರುವಾಗ ತಡೆ 48% ಕಮ್ಮಿ ಆಗತ್ತೆ, ಹೋಗುವಾಗ 63% ಜಾಸ್ತಿ ಆಗಿತ್ತು, ಎರಡೂ ಸೇರಿಸಿ ಆವರೇಜ್ ಮಾಡಿದ್ರೂ 7-8% ನಷ್ಟ. ಅದಕ್ಕಿಂತ ಮುಖ್ಯ, ಹುಬ್ಬಳ್ಳಿ ಮುಟ್ಟೋ ಮೊದಲೇ ಚಾರ್ಜ್ ಮುಗಿದ್ರೆ ಬರುವಾಗಿನ ಉಳಿತಾಯ ತಗೊಂಡು ಏನ್ ಮಾಡೋದು.

ಘಾಟಿ ಇದಕ್ಕಿಂತ ಪ್ರಾಮಾಣಿಕ, ಕಿತ್ಕೊಂಡಿದ್ದರಲ್ಲಿ ಬಹುಪಾಲು ವಾಪಸ್ ಕೊಡತ್ತೆ. ಗುಂಡ್ಯದಿಂದ ಸಕಲೇಶಪುರಕ್ಕೆ ಬರೋವಾಗ ಸುಮಾರು 800 ಮೀಟರ್ ಹತ್ತಬೇಕು, ಫ್ಯಾಮಿಲಿ ಲಗೇಜ್ ಎಲ್ಲಾ ಸೇರಿ 1700 ಕೆಜಿ ಆದ್ರೆ ಹತ್ತೋದಕ್ಕೇ ಬ್ಯಾಟರಿಯಿಂದ 4.2 ಯೂನಿಟ್, ಮೂವತ್ತೈದು ಕಿಮೀ ಓಡೋದಕ್ಕೆ ಇನ್ನೊಂದು 3.3, ಒಟ್ಟು ಏಳೂವರೆ ಯೂನಿಟ್. 30ರ ಬ್ಯಾಟರಿಯಲ್ಲಿ ಕಾಲು ಭಾಗ ಹೋಯ್ತು. ಅದೇ ಇಳಿಯೋವಾಗ ಖರ್ಚು ಹತ್ರಹತ್ರ ಸೊನ್ನೆ, ಕೆಲವೊಮ್ಮೆ ಪರ್ಸೆಂಟ್ ಒಂದೆರಡು ಏರಿರತ್ತೆ ಕೂಡ. ಹೋಗಿ ಬಂದಿದ್ದು ಸೇರಿಸಿದ್ರೆ ಕಿಮೀಗೆ 100ರ ಆಸುಪಾಸು, ಸಮತಟ್ಟು ರೋಡಿನ ಖರ್ಚಿಗೂ ಇದಕ್ಕೂ ದೊಡ್ಡ ಫರಕ್ ಇಲ್ಲ. ಭಾವನಿಗೆ ನಾನು ಹೇಳೋದು ಇಷ್ಟೇ, ಉಪ್ಪಿನಂಗಡಿ ಬಿಡೋವಾಗ 40% ಮೇಲಿರ್ಲಿ, ಮಳೆಗಾಲ ಆದ್ರೆ 50. ಆ ಘಾಟಿಲಿ ಒಂದು ಲಾರಿ ಅಡ್ಡ ನಿಂತ್ರೆ ಗಂಟೆಗಟ್ಲೆ ಏಸಿ ಹಾಕ್ಕೊಂಡು ಕೂರ್ಬೇಕು, ಅದು ಯಾವ ಫಾರ್ಮುಲಾದಲ್ಲೂ ಬರಲ್ಲ.

ಘಾಟಿ ವಿಷಯ ಬಂದಿದ್ದಕ್ಕೆ ಹೇಳಿಬಿಡ್ತೀನಿ, ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್‌ನಲ್ಲಿ ಘಾಟಿ ಇಳಿಸೋರು ಈಗ್ಲೂ ಇದಾರೆ. ಕಾರ್ಬುರೇಟರ್ ಕಾಲದ ಚಾಳಿ ಅದು. ಈಗಿನ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಗೇರಲ್ಲೇ ಇಟ್ಟು ಆಕ್ಸಲರೇಟರ್ ಬಿಟ್ರೆ ಪೆಟ್ರೋಲ್ ಪೂರ್ತಿ ಕಟ್ ಆಗತ್ತೆ, ಚಕ್ರವೇ ಇಂಜಿನ್ ತಿರುಗಿಸತ್ತೆ. ನ್ಯೂಟ್ರಲ್‌ಗೆ ಹಾಕಿದ್ರೆ ಇಂಜಿನ್ ಆರಿ ಹೋಗದ ಹಾಗೆ ಪೆಟ್ರೋಲ್ ಕುಡೀತಾನೇ ಇರತ್ತೆ. ದುಡ್ಡೂ ಹೋಯ್ತು, ಇಂಜಿನ್ ಬ್ರೇಕಿಂಗೂ ಹೋಯ್ತು, ಬ್ರೇಕ್ ಕಾದು ಹಿಡೀದೇ ಇದ್ರೆ ಕೆಳಗೆ ಕಾಣೋದು ಕಾಡು.

ಈಗ ನಿಮ್ಮ ಗಾಡಿದೇ ನಂಬರ್ ಬೇಕು ಅಂದ್ರೆ ಹೇಗೆ? ಕಂಪನಿಗಳು ಮಾಡೋ ಕೆಲಸನೇ ಚಿಕ್ಕದಾಗಿ ಮಾಡಬಹುದು. ಟ್ರಾಫಿಕ್ ಇಲ್ಲದ ನೇರ ರೋಡಲ್ಲಿ 85ಕ್ಕೆ ಏರಿಸಿ ನ್ಯೂಟ್ರಲ್‌ಗೆ ಹಾಕಿ (ಇವಿ ಆದ್ರೆ ರೀಜನ್ ಸೊನ್ನೆ ಮಾಡಿ), ಪಕ್ಕದಲ್ಲಿ ಕೂತವರು ಫೋನಲ್ಲಿ ಟೈಮ್ ನೋಡ್ಲಿ. ಇದಕ್ಕೆ ಎಕ್ಸ್‌ಪ್ರೆಸ್‌ವೇಗೆ ಹೋಗ್ಬೇಡಿ, ಹಿಂದಿಂದ ಬರೋನಿಗೆ ನೀವ್ಯಾಕೆ ನಿಧಾನ ಆಗ್ತಿದೀರ ಅಂತ ಗೊತ್ತಾಗಲ್ಲ. ನಾನು ಹೇಳಿದ ಎಸ್‌ಯುವಿ 85ರಿಂದ 75ಕ್ಕೆ ಇಳಿಯೋಕೆ 12 ಸೆಕೆಂಡ್ ಹತ್ರ ತಗೊಳತ್ತೆ, 35ರಿಂದ 25ಕ್ಕೆ 22-23 ಸೆಕೆಂಡ್. ನಿಧಾನದಲ್ಲಿ ಸಿಗೋ ಟೈಮಿಂದ ಟೈರ್ ತಡೆ ತಿಳಿಯತ್ತೆ, ಜೋರಲ್ಲಿ ಸಿಗೋದ್ರಿಂದ ಅದನ್ನ ಕಳೆದ್ರೆ ಗಾಳಿ ತಡೆ. ಒಂದೇ ದಿಕ್ಕಲ್ಲಿ ಮಾಡಿ ಬಿಡ್ಬೇಡಿ, ತಿರುಗಿ ಬಂದು ಅದೇ ಜಾಗದಲ್ಲಿ ಮಾಡಿ ಆವರೇಜ್ ತಗೊಳ್ಳಿ. ಕಣ್ಣಿಗೆ ಸಮತಟ್ಟು ಅನ್ಸೋ ರೋಡು ಅರ್ಧ ಪರ್ಸೆಂಟ್ ಇಳಿಜಾರಿದ್ರೂ 76 ನ್ಯೂಟನ್, ಟೈರ್ ತಡೆಯ ಅರ್ಧದಷ್ಟು ಅದೇ ಆಗೋಯ್ತು, ಮತ್ತೆ ಅರ್ಧ ಪರ್ಸೆಂಟ್ ಇಳಿಜಾರು ಯಾರ ಕಣ್ಣಿಗೂ ಕಾಣಲ್ಲ.

ಫೋನ್ ಜಿಪಿಎಸ್ ಲಾಗ್ ಇಟ್ಕೊಂಡು ಎಕ್ಸೆಲ್‌ನಲ್ಲಿ ಸೆಕೆಂಡ್ ಸೆಕೆಂಡಿಗೂ ಲೆಕ್ಕ ಹಾಕ್ತೀನಿ ಅನ್ನೋರಿಗೆ ಒಂದು ಮಾತು. ಸ್ಪೀಡ್ ಚೆನ್ನಾಗಿ ಬರತ್ತೆ, ಎತ್ತರ ಬರಲ್ಲ. ಎತ್ತರ ಐದು ಹತ್ತು ಮೀಟರ್ ಮೇಲೆ ಕೆಳಗೆ ಕುಣೀತಿರತ್ತೆ, ಅದನ್ನ ಹಾಗೇ ತುಂಬಿದ್ರೆ ಮಂಡ್ಯದ ಗದ್ದೆ ಬಯಲಲ್ಲಿ ನೀವು ಹತ್ತಾರು ಗುಡ್ಡ ಹತ್ತಿ ಇಳಿದ ಹಾಗೆ ಬರತ್ತೆ ಲೆಕ್ಕ. ಬದಲಿಗೆ 2000ನೇ ಇಸವೀಲಿ ನಾಸಾದವರು ಎಂಡೆವರ್ ಸ್ಪೇಸ್ ಶಟಲ್‌ನಿಂದ ರೇಡಾರ್ ಹಿಡಿದು ಅಳೆದ ಎತ್ತರದ ನಕ್ಷೆ ಫ್ರೀಯಾಗಿ ಸಿಗತ್ತೆ, 30 ಮೀಟರ್‌ಗೊಂದು ಚೌಕ. ಬಯಲುಸೀಮೆಗೆ ಬಂಗಾರ. ಘಾಟಿಲಿ ಮಾತ್ರ ಹುಷಾರು, ಅಲ್ಲಿ ರೋಡೇ ಹತ್ತು ಮೀಟರ್ ಅಗಲ, ಚೌಕ ಅದಕ್ಕಿಂತ ದೊಡ್ಡದು, ಹಾಗಾಗಿ ರೋಡಿನ ಎತ್ತರ ಬದಲು ಪಕ್ಕದ ದರೆಯದ್ದೋ ಕಣಿವೆಯದ್ದೋ ಬಂದು ಕೂತಿರತ್ತೆ. ಮೇಲಿನ ಊರು ಕೆಳಗಿನ ಊರು ಎರಡರ ಎತ್ತರ ತಗೊಂಡು ನಡುವೆ ನೇರ ಗೆರೆ ಎಳೆದ್ರೆ ಎಷ್ಟೋ ವಾಸಿ.

ಸ್ಕೂಟರ್‌ನವರು ನಮ್ದು ಹೇಳೇ ಇಲ್ಲ ಅಂತ ಬೈತೀರ. ಸ್ಕೂಟರ್‌ಗೆ ತೂಕ ಕಮ್ಮಿ, ಆದ್ರೆ ಮೇಲೆ ಕೂತಿರೋ ನಾವು ಗಾಳಿಗೆ ಗೋಡೆ ಥರ, ಹಾಗಾಗಿ 45ರ ಸ್ಪೀಡಲ್ಲೇ ಟೈರ್ ತಡೆಯ ಎರಡರಷ್ಟು ಗಾಳಿ ತಡೆ ಬರತ್ತೆ, ಕಾರಲ್ಲಿ ಆ ಸ್ಪೀಡಿಗೆ ಗಾಳಿ ಇನ್ನೂ ಟೈರ್‌ಗಿಂತ ಕಮ್ಮಿನೇ ಇರತ್ತೆ. 2022ರ ಏಥರ್ 450ಎಕ್ಸ್ ತಗೊಳ್ಳಿ, 3.7 ಯೂನಿಟ್ ಬ್ಯಾಟರಿ, ಸರ್ಟಿಫೈಡ್ ರೇಂಜ್ 146, ಕಂಪನಿಯೇ ಪಕ್ಕದಲ್ಲಿ ನಿಜವಾದ ರೇಂಜ್ ಅಂತ 105 ಹಾಕಿತ್ತು. ಕಿಮೀಗೆ 25 ಮತ್ತೆ 35 ವಾಟ್-ಅವರ್. ಟೂವೀಲರ್ ಟೆಸ್ಟಿನ ಗೆರೆಯಲ್ಲಿ ಟಾಪ್ ಸ್ಪೀಡ್ 42 ಮಾತ್ರ, ಅದಕ್ಕೇ ಇಷ್ಟು ಅಂತರ. ಎರಡೂ ನಂಬರ್ ಒಟ್ಟಿಗೆ ಹಾಕೋದು ಒಳ್ಳೆ ಪದ್ಧತಿ ಅನ್ನೋದು ನನ್ನ ಅಭಿಪ್ರಾಯ, ಕಾರ್‌ನವರೂ 100ರ ಸ್ಪೀಡಲ್ಲಿ ಎಷ್ಟು ಅಂತ ಒಂದು ಸಾಲು ಬರೆದ್ರೆ ಏನ್ ಗಂಟು ಹೋಗತ್ತೆ. ಪೆಟ್ರೋಲ್ ಸ್ಕೂಟರ್ ಲೀಟರ್‌ಗೆ 50 ಕೊಟ್ರೂ ಟ್ಯಾಂಕಿಂದ ಕಿಮೀಗೆ 180 ಹತ್ರ ಹೋಗತ್ತೆ, ಐದು ಪಟ್ಟು.

ಇನ್ನು ಬಸ್ಸು. ಡಿಪೋಗಳಲ್ಲಿ ಡ್ರೈವರ್‌ಗಳ ಕೆಎಂಪಿಎಲ್ (ಲೀಟರ್‌ಗೆ ಎಷ್ಟು ಕಿಮೀ) ಲೆಕ್ಕ ಇಡೋದು ಮೊದಲಿಂದ ಇದೆ, ಇಡೀ ರಾಜ್ಯದಲ್ಲಿ ಮೈಲೇಜನ್ನ ರೂಟ್ ಸಮೇತ ಯೋಚನೆ ಮಾಡೋರು ಅಂದ್ರೆ ಅವರೇ ಅನ್ಸತ್ತೆ, ಘಾಟಿ ರೂಟಿನ ಬಸ್ಸನ್ನ ದಾವಣಗೆರೆ ರೂಟಿನ ಬಸ್ ಜೊತೆ ಹೋಲಿಸಿದ್ರೆ ಯಾವ ಡ್ರೈವರೂ ಸುಮ್ಮನಿರಲ್ಲ. 12 ಮೀಟರ್ ಎಲೆಕ್ಟ್ರಿಕ್ ಬಸ್ಸು ಜನ ಸೇರಿ 16 ಟನ್ ಅನ್ಕೊಂಡ್ರೆ, 40ರಿಂದ ಒಂದು ಸಲ ನಿಂತು ಹೊರಡೋದ್ರಲ್ಲಿ ಓಡಾಡೋ ಶಕ್ತಿ 274 ವಾಟ್-ಅವರ್. ಸ್ಟಾಪು ಸಿಗ್ನಲ್ಲು ಸೇರಿ ಕಿಮೀಗೆ ಮೂರು ಸಲ ನಿಂತ್ರೆ, ರೀಜನ್ ಕಳೆದು ಟೈರು ಏಸಿ ಎಲ್ಲಾ ಕೂಡಿಸಿದ್ರೆ 1.1 ಯೂನಿಟ್ ಆಸುಪಾಸು ಬರತ್ತೆ, ಇಂಥ ಬಸ್ಸುಗಳು ಸಿಟಿಯಲ್ಲಿ ತಗೊಳ್ಳೋದೂ 1ರಿಂದ 1.3 ಯೂನಿಟ್ಟೇ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬರೀ ನಿಂತು ಹೊರಡೋದಕ್ಕೆ ಹೋಗೋದು, ಬಸ್‌ಗೆ ಬೇರೆ ಲೇನ್ ಕೊಟ್ಟು ನಿಲ್ಲೋದು ಮೂರರಿಂದ ಎರಡಕ್ಕೆ ಇಳಿಸಿದ್ರೆ ಬಸ್ ಮುಟ್ಟದೇ ಕಿಮೀಗೆ 150 ವಾಟ್-ಅವರ್ ಉಳಿಯತ್ತೆ. 40 ಜನ ಕೂತಿದ್ರೆ ತಲೆಗೆ 28, ಒಬ್ಬನೇ ಹೋಗೋ ಎಲೆಕ್ಟ್ರಿಕ್ ಸ್ಕೂಟರ್‌ಗಿಂತ ಸ್ವಲ್ಪ ಕಮ್ಮಿ, ಅದೂ ಏಸಿಲಿ ಕೂತ್ಕೊಂಡು. ಅದೇ ಬಸ್ಸು ರಾತ್ರಿ ಕೊನೇ ಟ್ರಿಪ್‌ನಲ್ಲಿ ನಾಲ್ಕು ಜನರನ್ನ ಕೂರಿಸ್ಕೊಂಡು ಹೋದ್ರೆ ತಲೆಗೆ 280 ಬೀಳತ್ತೆ, ಎಕ್ಸ್‌ಪ್ರೆಸ್‌ವೇಲಿ 100ರಲ್ಲಿ ಒಬ್ಬನೇ ಹೋಗೋ ಎಸ್‌ಯುವಿಯವನಿಗಿಂತ ಜಾಸ್ತಿ. ಆದ್ರೂ ಆ ಟ್ರಿಪ್ ಇರ್ಲೇಬೇಕು ಬಿಡಿ, ಅದಿಲ್ಲ ಅಂದ್ರೆ ಆ ನಾಲ್ಕು ಜನ ಬೆಳಗ್ಗೆನೂ ಸ್ಕೂಟರ್ ತಗೊಂಡೇ ಹೊರಡ್ತಾರೆ.